ಗಿಟಾರ್‌ಗೆ ಅಗ್ಗದ ಆಂಪ್ಲಿಫೈಯರ್: ಡಬ್ಬಿಯ ಮೇಲಿನ ವಾಟ್ ನಂಬಿ ಕೊಳ್ಳಬಹುದೇ?

ಸೇಡಂ ತಾಲ್ಲೂಕಿನ ಕೋಡ್ಲಾದಂತಹ ಊರಿನಲ್ಲಿ ಗಿಟಾರ್ ಕಲಿಯುತ್ತಿರುವವರಿಗೆ ಆಂಪ್ಲಿಫೈಯರ್ ಬೇಕೆನಿಸಿದರೆ, ನಾಲ್ಕಾರು ಮಾದರಿಗಳನ್ನು ನುಡಿಸಿ, ಕಿವಿಯಾರೆ ಕೇಳಿ ಕೊಳ್ಳುವ ಅನುಕೂಲ ಹತ್ತಿರದಲ್ಲಿ ಸಿಗುವುದು ಕಷ್ಟ. ಕಲಬುರಗಿಗೆ ಹೋಗಬೇಕು, ಇಲ್ಲವೇ ಸೇಡಂನಲ್ಲಿ ರೈಲು ಹತ್ತಿ ತಾಂಡೂರು ದಾಟಿ ಹೈದರಾಬಾದ್ ಮುಟ್ಟಬೇಕು. ಅಷ್ಟು ದೂರ ಹೋಗಲಾಗದವರು ಮೊಬೈಲ್‌ನಲ್ಲೇ ಆರ್ಡರ್ ಮಾಡುತ್ತಾರೆ. ಶಬ್ದ ಕೇಳದೆ ಕೊಳ್ಳುವವರಿಗೆ ಸಿಗುವ ಆಧಾರ ಎರಡೇ: ಡಬ್ಬಿಯ ಮೇಲೆ ಬರೆದಿರುವ ಅಂಕಿ, ಮತ್ತು ವಾಟ್ಸಾಪ್ ಗುಂಪಿನಲ್ಲಿ ಯಾರೋ ಕಳಿಸಿದ ಸಲಹೆ.

ಹಾಗೆ ಬರುವ ಸಲಹೆಗಳಲ್ಲಿ ಪದೇ ಪದೇ ಕಾಣಿಸುವ ಮಾತುಗಳು ಕೆಲವು. ವಾಟ್ ಹೆಚ್ಚಿದ್ದಷ್ಟೂ ಒಳ್ಳೆಯದು. ಮನೆಯ ಹೋಮ್ ಥಿಯೇಟರ್‌ಗೆ ಗಿಟಾರ್ ಸಿಕ್ಕಿಸಿದರೆ ಸಾಕು, ಬೇರೆ ಆಂಪ್ ದಂಡ. ಬ್ಲೂಟೂತ್ ಸ್ಪೀಕರ್ ಇದ್ದರೆ ವೈರಿನ ಗೊಡವೆಯೇ ಇಲ್ಲ. ವಾಲ್ವ್ ಇರುವ ಆಂಪ್ ಮಾತ್ರ ಅಸಲಿ. ಗುಂಯ್ ಅನ್ನುವ ಸದ್ದು ಬಂದರೆ ಪ್ಲಗ್ಗಿನ ಮೇಲಿನ ಪಿನ್ ತೆಗೆದುಬಿಡಿ.

ಮೊದಲ ನಾಲ್ಕು ಮಾತು ಕೇಳಿದರೆ ದುಡ್ಡು ಹೋಗಬಹುದು. ಕೊನೆಯ ಮಾತು ಕೇಳಿದರೆ ಜೀವವೇ ಹೋಗಬಹುದು. ಆದ್ದರಿಂದ ಒಂದೊಂದನ್ನೂ ಬಿಡಿಸಿ ನೋಡೋಣ.

ಗಿಟಾರ್ ಆಂಪ್ ಮಾಡುವ ಕೆಲಸವೇನು?

ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಪಟ್ಟಿ ಇರುತ್ತದೆ. ಅದರೊಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ, ಸುರುಳಿಯಲ್ಲಿ ಬಹಳ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದರ ಪ್ರಮಾಣ ಒಂದು ವೋಲ್ಟ್‌ನ ಹತ್ತನೇ ಒಂದು ಭಾಗದ ಆಸುಪಾಸು. ಈ ಕೃಶವಾದ ಸಂಕೇತವನ್ನು ಕೆಡಿಸದೆ ತೆಗೆದುಕೊಂಡು, ಹಿಗ್ಗಿಸಿ, ಸ್ಪೀಕರ್ ಅಲುಗಿಸುವಷ್ಟು ಬಲ ತುಂಬುವುದು ಆಂಪ್‌ನ ಕೆಲಸ.

ಇಲ್ಲೇ ಮೊದಲ ಉಳಿತಾಯದ ದಾರಿಯೂ ಇದೆ. ನಿಮ್ಮ ಕೈಯಲ್ಲಿರುವುದು ಯಾವ ಗಿಟಾರ್ ಎಂದು ನೋಡಿ. ಪಿಕಪ್ ಇಲ್ಲದ, ಟೊಳ್ಳು ಪೆಟ್ಟಿಗೆಯ ಅಕೌಸ್ಟಿಕ್ ಗಿಟಾರ್ ಆಗಿದ್ದರೆ ಮನೆಯ ಅಭ್ಯಾಸಕ್ಕೆ ಆಂಪ್ ಬೇಕಿಲ್ಲ. ಅದನ್ನು ನೇರವಾಗಿ ಆಂಪ್‌ಗೆ ಸಿಕ್ಕಿಸಲೂ ಆಗುವುದಿಲ್ಲ. ನೈಲಾನ್ ತಂತಿಯ ಗಿಟಾರ್ ಆದರೆ, ಅಗ್ಗಕ್ಕೆ ಸಿಗುತ್ತದೆಂದು ಅಯಸ್ಕಾಂತದ ಪಿಕಪ್ ತಂದು ಹಚ್ಚಿದರೂ ಪ್ರಯೋಜನವಿಲ್ಲ. ನೈಲಾನ್‌ಗೂ ಅಯಸ್ಕಾಂತಕ್ಕೂ ಸಂಬಂಧವಿಲ್ಲ. ಪಿಕಪ್ ಜೊತೆಗೇ ಬರುವ ಅಕೌಸ್ಟಿಕ್ ಗಿಟಾರ್ ಆದರೆ, ಅದರ ಬದಿಯಲ್ಲಿ ಶಬ್ದ ಏರಿಸುವ ಗುಂಡಿಗಳಿದ್ದು ಒಳಗೆ 9 ವೋಲ್ಟ್ ಬ್ಯಾಟರಿ ಇದ್ದರೆ, ಅರ್ಧ ಕೆಲಸ ಅಲ್ಲೇ ಆಗಿಹೋಗಿದೆ. ಕಾರ್ಯಕ್ರಮದಲ್ಲಿ ಅದನ್ನು ಮೈಕ್ ಸೆಟ್‌ನ ಮಿಕ್ಸರ್‌ಗೇ ಕೊಡಬಹುದು.

ಆಂಪ್ ಇಲ್ಲದೆ ಮುಂದೆ ಹೋಗಲಾಗದಿರುವುದು ಮುಖ್ಯವಾಗಿ ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡವರಿಗೆ.

ನಂಬಿಕೆ 1: ವಾಟ್ ಹೆಚ್ಚಿದ್ದಷ್ಟೂ ಜೋರು

ಬಜಾರಿನ ಸ್ಪೀಕರ್ ಡಬ್ಬಿಗಳ ಮೇಲೆ ಸಾವಿರಗಟ್ಟಲೆ ವಾಟ್ ಬರೆದಿರುವುದನ್ನು ನೀವು ನೋಡಿರುತ್ತೀರಿ. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಪಿಎಂಪಿಒ ಎಂದಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಒಂದು ಕ್ಷಣದಲ್ಲಿ, ಎಲ್ಲವೂ ಅನುಕೂಲವಾಗಿದ್ದರೆ ಎಷ್ಟು ಶಕ್ತಿ ಬರಬಹುದು ಎಂಬ ಲೆಕ್ಕ ಅದು. ಅದನ್ನು ಹೀಗೇ ಅಳೆಯಬೇಕೆಂಬ ಒಪ್ಪಿತ ಮಾನದಂಡವಿಲ್ಲ. ಹಾಗಾಗಿ ಒಂದು ಕಂಪನಿಯ ಪಿಎಂಪಿಒ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಿ ಪ್ರಯೋಜನವಿಲ್ಲ. ನೋಡಬೇಕಾದದ್ದು ಆರ್‌ಎಂಎಸ್ ಎಂದು ಬರೆದಿರುವ ವಾಟ್. ಯಂತ್ರ ಬಿಡುವಿಲ್ಲದೆ ಎಷ್ಟು ಶಕ್ತಿ ಕೊಡುತ್ತಲೇ ಇರಬಲ್ಲದು ಎಂಬುದನ್ನು ಅದು ತಿಳಿಸುತ್ತದೆ.

ಆರ್‌ಎಂಎಸ್ ಬರೆದೇ ಇಲ್ಲದಿದ್ದರೆ? ನೀವೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ಆಂಪ್‌ನ ಹಿಂಬದಿಯ ಪಟ್ಟಿಯನ್ನೋ ಅದರ ಅಡಾಪ್ಟರನ್ನೋ ನೋಡಿ. ಅಡಾಪ್ಟರ್ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ: 24 ವಾಟ್. ಒಳಗೆ ಹೋಗುವ ಶಕ್ತಿಯೇ 24 ವಾಟ್ ಆಗಿರುವಾಗ, ಸತತವಾಗಿ ಅದಕ್ಕಿಂತ ಹೆಚ್ಚು ಹೊರಗೆ ಬರಲು ಸಾಧ್ಯವಿಲ್ಲ. ಸ್ವಲ್ಪ ಭಾಗ ಶಾಖವಾಗಿಯೂ ಹೋಗುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಚಿತ್ರಗಳನ್ನು ದೊಡ್ಡದು ಮಾಡಿ ಈ ಪಟ್ಟಿಯನ್ನು ಓದಿ. ಡಬ್ಬಿಯ ಮುಂಭಾಗದಲ್ಲಿ ಸಾವಿರ ವಾಟ್, ಹಿಂಭಾಗದಲ್ಲಿ 24 ವಾಟ್ ಕಂಡರೆ, ನಂಬಬೇಕಾದದ್ದು ಹಿಂಭಾಗವನ್ನು.

ಸರಿ, ನಿಜವಾದ ವಾಟ್ ಸಿಕ್ಕಿತು ಎಂದುಕೊಳ್ಳೋಣ. 10 ವಾಟ್‌ನ ಆಂಪ್‌ಗಿಂತ 20 ವಾಟ್‌ನದು ಎರಡು ಪಟ್ಟು ಜೋರೇ? ಅಲ್ಲ. ನಮ್ಮ ಕಿವಿ ಶಬ್ದವನ್ನು ನೇರ ಲೆಕ್ಕದಲ್ಲಿ ಗ್ರಹಿಸುವುದಿಲ್ಲ. ಶಕ್ತಿ ಇಮ್ಮಡಿಯಾದಾಗ ಏರುವುದು 3 ಡೆಸಿಬೆಲ್ ಮಾತ್ರ. ಕೇಳುವವರಿಗೆ ಅದು ‘ತುಸು ಹೆಚ್ಚಾಯಿತು’ ಅನ್ನಿಸುವಷ್ಟು. ಎರಡು ಪಟ್ಟು ಜೋರೆನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಅಂದರೆ 10 ವಾಟ್‌ನ ಎರಡರಷ್ಟು ಜೋರು ಬೇಕಾದರೆ 100 ವಾಟ್. 10ರ ಬದಲು 15 ವಾಟ್ ಎಂದು ಸಾವಿರ ರೂಪಾಯಿ ಹೆಚ್ಚು ಕೊಟ್ಟರೆ ಆ ಸಾವಿರ ಕಿವಿಗೆ ಹೆಚ್ಚೇನೂ ಕೇಳಿಸುವುದಿಲ್ಲ.

ಹಾಗಾದರೆ ಜೋರು ಬರುವುದು ಎಲ್ಲಿಂದ? ಸ್ಪೀಕರ್‌ನಿಂದ

ಪ್ರತಿ ಸ್ಪೀಕರ್‌ಗೂ ಸಂವೇದನೆ ಎಂಬ ಒಂದು ಅಳತೆ ಇದೆ. 1 ವಾಟ್ ಕೊಟ್ಟಾಗ, 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆ ಎಂಬುದೇ ಅದು. ಗಿಟಾರ್‌ಗೆಂದೇ ಮಾಡಿದ ದೊಡ್ಡ ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯವಾಗಿ 95ರಿಂದ 100ರ ನಡುವೆ ಇರುತ್ತದೆ. ಅಂಗೈಯಗಲದ ಸಣ್ಣ ಸ್ಪೀಕರ್‌ಗಳಲ್ಲಿ ಇದಕ್ಕಿಂತ ಬಹಳ ಕಡಿಮೆ.

ಒಂದು ಲೆಕ್ಕ ಹಾಕಿ ನೋಡೋಣ. 87 ಡೆಸಿಬೆಲ್ ಸಂವೇದನೆಯ ಸ್ಪೀಕರ್‌ಗೆ 100 ವಾಟ್ ಕೊಟ್ಟರೆ 107 ಡೆಸಿಬೆಲ್ ಬರುತ್ತದೆ. 97 ಡೆಸಿಬೆಲ್ ಸಂವೇದನೆಯ ಸ್ಪೀಕರ್‌ಗೆ ಬರೇ 10 ವಾಟ್ ಕೊಟ್ಟರೂ ಅದೇ 107. ಒಳ್ಳೆಯ ಸ್ಪೀಕರ್ ಇದ್ದ 10 ವಾಟ್, ಸಾಧಾರಣ ಸ್ಪೀಕರ್‌ನ 100 ವಾಟ್‌ಗೆ ಸಮ. ಅದಕ್ಕೇ ಅಗ್ಗದ ಎರಡು ಆಂಪ್‌ಗಳಲ್ಲಿ ಆಯ್ಕೆ ಮಾಡಬೇಕಾದಾಗ, ವಾಟ್ ಹೆಚ್ಚಿರುವುದಕ್ಕಿಂತ ಸ್ಪೀಕರ್ ಅಗಲವಿರುವುದು, ಪೆಟ್ಟಿಗೆ ಗಟ್ಟಿ ಮರದ್ದಾಗಿರುವುದು ಮೇಲು. ಮನೆ ಅಭ್ಯಾಸದ ಹೆಸರಾಂತ ಮಾದರಿಗಳಾದ ಫೆಂಡರ್ ಫ್ರಂಟ್‌ಮ್ಯಾನ್ 10ಜಿ, ವಾಕ್ಸ್ ಪಾತ್‌ಫೈಂಡರ್ 10 ಎರಡೂ 10 ವಾಟ್‌ನವೇ. ಅವುಗಳಲ್ಲಿರುವುದು ಆರು ಇಂಚು, ಆರೂವರೆ ಇಂಚಿನ ಸ್ಪೀಕರ್. ಅಷ್ಟೇ ವಾಟ್‌ಗೆ ಎಂಟು ಇಂಚಿನದು ಸಿಕ್ಕರೆ ತಗ್ಗಿನ ಸ್ವರಗಳು ಇನ್ನಷ್ಟು ತುಂಬಿಕೊಂಡು ಕೇಳುತ್ತವೆ.

ಮನೆಗೆ ಎಷ್ಟು ಸಾಕು? ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಸಾಧಾರಣ ಸ್ಪೀಕರ್‌ಗೆ 1 ವಾಟ್ ಕೊಟ್ಟರೂ 85–90 ಡೆಸಿಬೆಲ್ ದಾಟುತ್ತದೆ. ಅಂದರೆ ಪಡಸಾಲೆಯಲ್ಲಿ ಕೂತು ಕಲಿಯುವವರು 10 ವಾಟ್‌ನ ಆಂಪನ್ನು ಪೂರ್ತಿ ಏರಿಸುವ ದಿನವೇ ಬರುವುದಿಲ್ಲ.

ನಂಬಿಕೆ 2: ಹೋಮ್ ಥಿಯೇಟರ್ ಇದ್ದರೆ ಸಾಕು

ಸಿಕ್ಕಿಸಿದ ತಕ್ಷಣ ಸುಟ್ಟುಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ, ಅದು ನಿಜವಲ್ಲ. ಶಬ್ದ ಬರುತ್ತದೆ, ಆದರೆ ಸೊರಗಿರುತ್ತದೆ. ಕಾರಣ ಎರಡು. ಗಿಟಾರ್ ಪಿಕಪ್‌ಗೆ ಸುಮಾರು 10 ಲಕ್ಷ ಓಮ್ ಪ್ರತಿರೋಧವಿರುವ ಒಳದಾರಿ ಬೇಕು. ಹೋಮ್ ಥಿಯೇಟರ್‌ನ ಆಕ್ಸ್ ಕಿಂಡಿಯಲ್ಲಿ ಅದು ಕೆಲವು ಹತ್ತು ಸಾವಿರ ಓಮ್ ಮಾತ್ರ. ತುಂಬಿದ ಕೊಡವನ್ನು ಸಣ್ಣ ತೂತಿನಿಂದ ಎಳೆದಂತೆ, ಪಿಕಪ್‌ನ ಕೃಶ ಸಂಕೇತ ಅಲ್ಲೇ ಕುಸಿದು ಮೇಲಿನ ಸ್ವರಗಳ ಹೊಳಪು ಹೋಗುತ್ತದೆ. ಎರಡನೆಯದಾಗಿ, ಆಕ್ಸ್ ಕಿಂಡಿ ನಿರೀಕ್ಷಿಸುವುದು ಮೊಬೈಲ್ ಕೊಡುವಷ್ಟು ಬಲವಾದ ಸಂಕೇತವನ್ನು. ಗಿಟಾರ್ ಕೊಡುವುದು ಅದಕ್ಕಿಂತ ಕಡಿಮೆ.

ಸ್ಪೀಕರ್ ಹಾಳಾಗುವುದು ಬೇರೆ ಕಾರಣಕ್ಕೆ. ಶಬ್ದ ಸಾಲದೆಂದು ವಾಲ್ಯೂಮ್ ಪೂರ್ತಿ ಏರಿಸಿ, ಹಾಗೇ ಜ್ಯಾಕ್ ಕಿತ್ತು ಹಾಕಿದಾಗ ಬರುವ ಢಬ್ ಎಂಬ ಹೊಡೆತಕ್ಕೆ ಕೋನ್ ಹರಿಯಬಹುದು. ಹೋಮ್ ಥಿಯೇಟರನ್ನೇ ಬಳಸಬೇಕೆಂದಿದ್ದರೆ ನಡುವೆ ಗಿಟಾರ್‌ಗೆ ತಕ್ಕ ಒಳದಾರಿ ಇರುವ ಸಣ್ಣ ಪ್ರೀಆಂಪ್ ಅಥವಾ ಎಫೆಕ್ಟ್ ಪೆಡಲ್ ಇರಲಿ. ಶಬ್ದ ಇಳಿಸಿಯೇ ಸಿಕ್ಕಿಸಿ, ಇಳಿಸಿಯೇ ತೆಗೆಯಿರಿ.

ಊರಿನ ಮೈಕ್ ಸೆಟ್‌ನ ಉದ್ದ ಬಾಯಿಯ ಹಾರ್ನ್‌ಗೆ ಗಿಟಾರ್ ಕೊಡುವುದೂ ಸರಿಹೋಗುವುದಿಲ್ಲ. ಹಾರ್ನ್ ಇರುವುದು ಮನುಷ್ಯರ ಮಾತು ದೂರ ಮುಟ್ಟಿಸಲು. ಗಿಟಾರ್‌ನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಜ್‌ನಲ್ಲಿ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರ ಹಾರ್ನ್‌ನಲ್ಲಿ ಬರುವುದೇ ಇಲ್ಲ. ಅದೇ ಮೈಕ್ ಸೆಟ್‌ಗೆ ದೊಡ್ಡ ಪೆಟ್ಟಿಗೆ ಸ್ಪೀಕರ್ ಜೋಡಿಸಿದ್ದರೆ ಮಾತು ಬೇರೆ.

ನಂಬಿಕೆ 3: ಬ್ಲೂಟೂತ್ ಸ್ಪೀಕರ್ ಸಾಕು

ಹಾಡು ಕೇಳಲು ಸಾಕು, ನುಡಿಸಲು ಸಾಲದು. ಬ್ಲೂಟೂತ್‌ನಲ್ಲಿ ಶಬ್ದ ಅಂಕಿಗಳಾಗಿ ಮಾರ್ಪಟ್ಟು, ಗಾಳಿಯಲ್ಲಿ ಸಾಗಿ, ಮತ್ತೆ ಶಬ್ದವಾಗಲು ಸಮಯ ಹಿಡಿಯುತ್ತದೆ. ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡ್. ಹಾಡು ಕೇಳುವವರಿಗೆ ಇದು ಗೊತ್ತಾಗುವುದಿಲ್ಲ. ನುಡಿಸುವವರಿಗೆ ಮಾತ್ರ ಬೆರಳು ಈಗ ಮೀಟಿದ್ದು ಆಮೇಲೆ ಕೇಳುತ್ತದೆ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 200 ಮಿಲಿಸೆಕೆಂಡ್ ತಡವೆಂದರೆ ಸ್ಪೀಕರ್ ನಿಮ್ಮಿಂದ ಸುಮಾರು 68 ಮೀಟರ್ ಆಚೆ ಇದ್ದ ಹಾಗೆ. ಗುಡಿಯ ಮುಂದೆ ಕೂತು ನುಡಿಸುತ್ತಾ, ಓಣಿಯ ಆ ತುದಿಯ ಸ್ಪೀಕರ್ ಕೇಳಿ ತಾಳ ಹಿಡಿಯಿರಿ ಎಂದರೆ ಯಾರಿಗೂ ಆಗದು. ಕಲಿಯುವವರು ಇದನ್ನು ತಮ್ಮ ಕೈಯ ದೋಷವೆಂದು ತಿಳಿದು ಬೇಸತ್ತು ಗಿಟಾರ್ ಮೂಲೆಗಿಡುವುದುಂಟು. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಮೊಬೈಲ್ ಆ್ಯಪ್‌ನಲ್ಲಿ ನುಡಿಸಿದರೂ ಇದೇ ತೊಂದರೆ.

ಆಂಪ್‌ನಲ್ಲೇ ಬ್ಲೂಟೂತ್ ಇದ್ದರೆ ಅದು ಅನುಕೂಲವೇ. ಮೊಬೈಲ್‌ನಿಂದ ಹಾಡು ಬ್ಲೂಟೂತ್‌ನಲ್ಲಿ ಬರಲಿ, ಗಿಟಾರ್ ವೈರಿನಲ್ಲೇ ಹೋಗಲಿ. ಹಾಡಿನ ಜೊತೆ ನುಡಿಸಲು ಆಗ ಯಾವ ಅಡ್ಡಿಯೂ ಇಲ್ಲ.

ನಂಬಿಕೆ 4: ವಾಲ್ವ್ ಆಂಪ್ ಮಾತ್ರ ಅಸಲಿ

ಹಳೆಯ ರೇಡಿಯೊಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ವಾಲ್ವ್‌ಗಳೇ ಇವು. ಶಬ್ದ ಏರಿಸಿದಾಗ ವಾಲ್ವ್ ಆಂಪ್ ಸ್ವರವನ್ನು ಮೆಲ್ಲಗೆ ಹಿಂಡಿ ಒರಟು ಮಾಡುವ ರೀತಿ ಅನೇಕರಿಗೆ ಇಷ್ಟ, ಅದು ಸುಳ್ಳಲ್ಲ. ಆದರೆ ಕಡಿಮೆ ದುಡ್ಡಿನವರಿಗೆ ಇದು ದುಬಾರಿ ಮೋಹ. ವಾಲ್ವ್‌ಗಳು ಸವೆಯುತ್ತವೆ, ಬದಲಿಸಬೇಕು, ಬಿಡಿಭಾಗ ತಾಲ್ಲೂಕು ಬಜಾರಿನಲ್ಲಿ ಸಿಗುವುದಿಲ್ಲ. ತೂಕವೂ ಹೆಚ್ಚು. ಮೇಲಾಗಿ ಒಳಗೆ 300 ವೋಲ್ಟ್‌ಗೂ ಮಿಕ್ಕಿದ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ರೇಡಿಯೊ, ಟಿ.ವಿ. ರಿಪೇರಿ ಬಲ್ಲೆ ಎಂಬ ಧೈರ್ಯದಲ್ಲಿ ಬಿಚ್ಚುವಂಥದ್ದಲ್ಲ.

ಇಂದಿನ ಟ್ರಾನ್ಸಿಸ್ಟರ್ ಆಂಪ್‌ಗಳು, ಹಲವು ಬಗೆಯ ಆಂಪ್‌ಗಳ ಶಬ್ದವನ್ನು ಚಿಪ್‌ನಿಂದಲೇ ಅನುಕರಿಸುವ ಮಾಡೆಲಿಂಗ್ ಆಂಪ್‌ಗಳು ಕಲಿಯುವವರಿಗೆ ಧಾರಾಳವಾಗಿ ಸಾಕು.

ನಂಬಿಕೆ 5: ಗುಂಯ್ ಸದ್ದು ಬಂದರೆ ಮೇಲಿನ ಪಿನ್ ತೆಗೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಸಮಯ ನಿಮಗಿದ್ದರೆ, ಇದನ್ನು ಓದಿ.

ಮೂರು ಪಿನ್ ಪ್ಲಗ್‌ನಲ್ಲಿ ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಅದು ಅರ್ಥಿಂಗ್ ಪಿನ್. ಸಾಕೆಟ್‌ಗೆ ಎಲ್ಲಕ್ಕಿಂತ ಮೊದಲು ಅದೇ ಮುಟ್ಟಲಿ, ಕೊನೆಗೆ ಅದೇ ಬಿಡಲಿ ಎಂದೇ ಅದನ್ನು ಉದ್ದ ಮಾಡಿದ್ದಾರೆ. ಆಂಪ್‌ನ ಒಳಗೆ ಫೇಸ್ ವೈರ್ ಸಡಿಲಾಗಿ ಲೋಹದ ಭಾಗಕ್ಕೆ ತಗುಲಿದರೆ, ವಿದ್ಯುತ್ ಈ ಪಿನ್ ಮೂಲಕ ನೆಲಕ್ಕೆ ಹರಿದು ಫ್ಯೂಸ್ ಹೋಗುತ್ತದೆ. ಪಿನ್ ಇಲ್ಲದಿದ್ದರೆ ಆ ಲೋಹ ವಿದ್ಯುತ್ ತುಂಬಿಕೊಂಡು ಹಾಗೇ ಕಾಯುತ್ತಿರುತ್ತದೆ.

ಗಿಟಾರ್ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಸದ್ದು ಕಡಿಮೆಯಾಗಲೆಂದು ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳನ್ನು ಒಳಗಿನ ವೈರಿನ ಮೂಲಕ ಆಂಪ್‌ನ ಲೋಹದ ಕವಚಕ್ಕೇ ಜೋಡಿಸಿರುತ್ತಾರೆ. ಕವಚಕ್ಕೆ ವಿದ್ಯುತ್ ಬಂದರೆ ನೀವು ಹಿಡಿದಿರುವ ತಂತಿಗೂ ಬಂತು. ಆ ಸ್ಥಿತಿಯಲ್ಲಿ ಹಾಡಲು ತುಟಿಯನ್ನು ಮೈಕಿನ ಲೋಹದ ಜಾಲರಿಗೆ ತಾಗಿಸಿದಿರಿ ಎನ್ನೋಣ. ಮೈಕ್ ಇನ್ನೊಂದು ಆಂಪ್‌ಗೆ, ಅದು ಇನ್ನೊಂದು ಬೋರ್ಡಿಗೆ ಸೇರಿದೆ. ಒಂದು ಕಡೆ ಕೈ, ಇನ್ನೊಂದು ಕಡೆ ತುಟಿ. ನಡುವೆ ವಿದ್ಯುತ್ ಹರಿಯುವ ದಾರಿ ನಿಮ್ಮ ಎದೆ.

ಹೀಗೆ ಸಾವುಗಳು ಆಗಿವೆ. ಸ್ಟೋನ್ ದ ಕ್ರೋಸ್ ಎಂಬ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, 1972ರ ಮೇನಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಸತ್ತರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲೇ, ಅರ್ಥಿಂಗ್ ಸರಿಯಿಲ್ಲದ ಗಿಟಾರ್ ನುಡಿಸುತ್ತಿದ್ದಾಗ ತೀರಿಕೊಂಡರು. ಅನುಭವವಿದ್ದ ಕಲಾವಿದರಿಗೇ ಆದದ್ದು ಇದು.

ಪಿನ್ ತೆಗೆದರೆ ಗುಂಯ್ ಸದ್ದು ನಿಲ್ಲುವುದುಂಟು, ಅದಕ್ಕೇ ಈ ಸಲಹೆ ಹರಡುತ್ತದೆ. ಎರಡು ಯಂತ್ರಗಳು ಬೇರೆ ಬೇರೆ ಬೋರ್ಡಿನಿಂದ ಅರ್ಥಿಂಗ್ ಪಡೆದು ಒಂದಕ್ಕೊಂದು ವೈರಿನಲ್ಲಿ ಸೇರಿದಾಗ, ನಡುವೆ ಸಣ್ಣ ವಿದ್ಯುತ್ ಸುತ್ತತೊಡಗಿ ಸದ್ದು ಬರುತ್ತದೆ. ಇದಕ್ಕೆ ಸುರಕ್ಷಿತ ಪರಿಹಾರಗಳಿವೆ. ಎಲ್ಲ ಯಂತ್ರಗಳನ್ನೂ ಒಂದೇ ಮೂರು ಪಿನ್ ಬೋರ್ಡಿನಿಂದ ನಡೆಸಿ. ಕೇಬಲ್ ಬದಲಿಸಿ ನೋಡಿ. ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರ್ ಹತ್ತಿರವಿದ್ದರೆ ದೂರ ಸರಿಯಿರಿ. ಗಿಟಾರ್ ಹಿಡಿದು ಕೂತ ದಿಕ್ಕು ತುಸು ತಿರುಗಿಸಿ. ಒಂದೇ ಸುರುಳಿಯ ಪಿಕಪ್ ಆದರೆ ಅಷ್ಟಕ್ಕೇ ಸದ್ದು ಇಳಿಯಬಹುದು. ಮಿಕ್ಸರ್‌ಗೆ ಕೊಡುವಾಗ ಡಿಐ ಬಾಕ್ಸ್ ಬಳಸಿ. ಹಲವು ಡಿಐ ಬಾಕ್ಸ್‌ಗಳಲ್ಲಿ ಇದೇ ಸದ್ದು ನಿಲ್ಲಿಸಲೆಂದು ಒಂದು ಸ್ವಿಚ್ ಇರುತ್ತದೆ.

ಪ್ಲಗ್‌ನಲ್ಲಿ ಪಿನ್ ಇದ್ದರಷ್ಟೇ ಸಾಲದು, ಮನೆಯಲ್ಲಿ ಅರ್ಥಿಂಗ್ ಜೀವಂತವಾಗಿರಬೇಕು. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕುವುದು ಇದಕ್ಕೇ. ಆಂಪ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಅರ್ಥಿಂಗ್ ನೋಡಿಸಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ವಿದ್ಯುತ್ ಮೈಯಿಂದ ಸೋರತೊಡಗಿದರೆ ಕ್ಷಣದಲ್ಲಿ ಲೈನ್ ಕತ್ತರಿಸುತ್ತದೆ. ಅರ್ಥಿಂಗ್ ಭರವಸೆ ಇಲ್ಲದ ಮನೆಯಾದರೆ ಬ್ಯಾಟರಿಯಲ್ಲಿ ನಡೆಯುವ ಆಂಪ್ ಕೊಳ್ಳಿ. ರೋಲ್ಯಾಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್, ಬಾಸ್ ಕಟಾನಾ ಮಿನಿಯಂತಹ ಮಾದರಿಗಳು ಆರು ಪೆನ್ಸಿಲ್ ಸೆಲ್‌ಗಳಲ್ಲಿ ನಡೆಯುತ್ತವೆ. ಕರೆಂಟ್ ಹೋದಾಗಲೂ ಅಭ್ಯಾಸ ನಿಲ್ಲುವುದಿಲ್ಲ.

ನಮ್ಮ ಸೀಮೆಗೆ ಬೇಕಾದ ಎಚ್ಚರಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಆಂಪ್ ಬಾಳಿಕೆ ಬರಬೇಕಾದರೆ ಕೆಲವು ಸಂಗತಿ ನೆನಪಿಡಬೇಕು.

ವೋಲ್ಟೇಜ್: ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದ್ದರೆ ವೋಲ್ಟೇಜ್ ಏರಿಳಿತವನ್ನು ಅದು ಸಾಕಷ್ಟು ತಡೆದುಕೊಳ್ಳುತ್ತದೆ. ಬಿಐಎಸ್ ಗುರುತು ಇದೆಯೇ ಎಂದೂ ನೋಡಿ. ಹೊರದೇಶದಿಂದ ಬಂದ ಹಳೆಯ ಆಂಪ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಹಿಂಬದಿ ಓದಿ. ಬರೇ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದ ಕೂಡಲೇ ಸುಟ್ಟುಹೋಗಬಹುದು.

ಧೂಳು: ಕಾರ್ಖಾನೆ, ಕಲ್ಲಿನ ಕ್ವಾರಿ, ತೊಗರಿ ರಾಶಿಯ ಧೂಳು ಗುಂಡಿಗಳ ಒಳಗೆ ಸೇರಿದರೆ ತಿರುಗಿಸಿದಾಗ ಗರಗರ ಸದ್ದು ಬರುತ್ತದೆ. ನುಡಿಸಿದ ಮೇಲೆ ಬಟ್ಟೆ ಹೊದಿಸಿಡಿ. ಆಂಪ್ ಚಾಲೂ ಇದ್ದಾಗ ಮಾತ್ರ ಹೊದಿಸಬೇಡಿ, ಶಾಖ ಹೊರಹೋಗಬೇಕು. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬಿಸಿಲು ಬೀಳುವ ಕಿಟಕಿ ಬಳಿ, ತಗಡಿನ ಶೆಡ್ಡಿನಲ್ಲಿ ಇಡಬೇಡಿ.

ಪರಸಿ ಕಲ್ಲು: ನಮ್ಮ ಮನೆಗಳ ನೆಲಕ್ಕೆ ಶಹಾಬಾದ್ ಕಲ್ಲು, ಎಷ್ಟೋ ಕಡೆ ಗೋಡೆಯೂ ಕಲ್ಲಿನದೇ. ಇಂತಹ ಗಟ್ಟಿ ಮೈ ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಹೀರಿ, ಉಳಿದದ್ದನ್ನು ತಿರುಗಿಸಿ ಕಳಿಸುತ್ತದೆ. ಆಂಪನ್ನು ಮೂಲೆಯಲ್ಲಿ ನೆಲದ ಮೇಲಿಟ್ಟರೆ ತಗ್ಗಿನ ಸ್ವರ ಉಬ್ಬಿ ಎಲ್ಲವೂ ಗೊಜಗೊಜ ಕೇಳುತ್ತದೆ. ಆಂಪ್ ಕೆಟ್ಟದ್ದೆಂದು ಬೈಯುವ ಮೊದಲು ಅದನ್ನು ಕುರ್ಚಿಯ ಮೇಲಿಟ್ಟು, ಗೋಡೆಯಿಂದ ಒಂದೆರಡು ಅಡಿ ಮುಂದೆ ತಂದು, ನೆಲಕ್ಕೊಂದು ಕೌದಿ ಹಾಸಿ, ಎದುರಿನ ಗೋಡೆಗೆ ಇನ್ನೊಂದು ಇಳಿಬಿಟ್ಟು ಕೇಳಿ. ಖರ್ಚಿಲ್ಲದ ಈ ಬದಲಾವಣೆ ಎಷ್ಟೋ ಸಲ ಹೊಸ ಆಂಪ್ ತಂದಷ್ಟು ವ್ಯತ್ಯಾಸ ಮಾಡುತ್ತದೆ.

ಕೈಯಲ್ಲಿರುವ ದುಡ್ಡನ್ನು ಹಂಚುವುದು ಹೇಗೆ?

ಬೆಲೆಗಳು ದಿನದಿನಕ್ಕೆ ಬದಲಾಗುತ್ತವೆ, ಹಬ್ಬದ ರಿಯಾಯಿತಿಯಲ್ಲಿ ಇಳಿಯುತ್ತವೆ. ಹಾಗಾಗಿ ಮಾದರಿಗಿಂತ ದುಡ್ಡಿನ ಲೆಕ್ಕದಲ್ಲಿ ಯೋಚಿಸುವುದು ಒಳ್ಳೆಯದು.

ಎರಡು ಮೂರು ಸಾವಿರವಷ್ಟೇ ಇದ್ದರೆ ಪೆಟ್ಟಿಗೆ ಆಂಪ್‌ನ ಆಸೆ ಸದ್ಯಕ್ಕೆ ಬಿಡಿ. ಗಿಟಾರ್‌ಗೇ ಸಿಕ್ಕಿಸಿ ವೈರಿನ ಹೆಡ್‌ಫೋನ್‌ನಲ್ಲಿ ಕೇಳುವ ಪುಟ್ಟ ಹೆಡ್‌ಫೋನ್ ಆಂಪ್‌ಗಳಿವೆ. ವಾಕ್ಸ್ ಕಂಪನಿಯ ಆಂಪ್ಲಗ್ ಇಂಥದ್ದು. ಅದೇ ಬೆಲೆಯ ಹೆಸರಿಲ್ಲದ ಪೆಟ್ಟಿಗೆಗಿಂತ ಇದರಲ್ಲಿ ಶಬ್ದ ಚೆನ್ನ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರ ನಿದ್ದೆಯೂ ಕೆಡದು.

ಐದರಿಂದ ಎಂಟು ಸಾವಿರ ಕೂಡಿದ್ದರೆ 10ರಿಂದ 20 ವಾಟ್‌ನ ಟ್ರಾನ್ಸಿಸ್ಟರ್ ಆಂಪ್ ಹುಡುಕಿ. ಭಾರತೀಯ ಬ್ರ್ಯಾಂಡ್‌ಗಳನ್ನೂ ನೋಡಿ. ಹೆಡ್‌ಫೋನ್ ಕಿಂಡಿ, ಮೊಬೈಲ್‌ನಿಂದ ಹಾಡು ಕೊಡುವ ಕಿಂಡಿ, ತಗ್ಗು ಮತ್ತು ಮೇಲಿನ ಸ್ವರಗಳನ್ನು ಬೇರೆ ಬೇರೆ ಹೊಂದಿಸುವ ಗುಂಡಿಗಳು ಇರಲಿ. ಎಲ್ಲ ದುಡ್ಡನ್ನೂ ಆಂಪ್‌ಗೇ ಸುರಿಯಬೇಡಿ. ಒಳ್ಳೆಯ ಕೇಬಲ್, ಮೂರು ಪಿನ್‌ನ ಗಟ್ಟಿ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಒಂದು ಪಾಲು ಉಳಿಸಿ. ಕೇಬಲ್ ಐದಾರು ಮೀಟರ್ ಮೀರದಿರಲಿ, ಉದ್ದವಾದಷ್ಟೂ ಹೊಳಪು ಕುಂದುತ್ತದೆ.

ಹತ್ತು ಸಾವಿರ ದಾಟಿದರೂ ವೇದಿಕೆಗೆಂದು ದೊಡ್ಡ ಆಂಪ್ ಕೊಳ್ಳುವ ಅವಸರ ಬೇಡ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರ್‌ನಲ್ಲಿ 107 ಇದ್ದದ್ದು 16 ಮೀಟರ್‌ಗೆ 83 ಆಗುತ್ತದೆ. ಗಣೇಶನ ಮಂಟಪದಲ್ಲೋ ಶಾಲಾ ವಾರ್ಷಿಕೋತ್ಸವದಲ್ಲೋ ಚರ್ಚಿನ ಕ್ರಿಸ್ಮಸ್ ಕೂಟದಲ್ಲೋ ಜನರಿಗೆ ಕೇಳಿಸುವ ಹೊಣೆ ಹೇಗೂ ಮೈಕ್ ಸೆಟ್‌ನದು. ನಿಮ್ಮ ಸಣ್ಣ ಆಂಪ್‌ನಲ್ಲಿ ಲೈನ್ ಔಟ್ ಕಿಂಡಿ ಇದ್ದರೆ ಅಲ್ಲಿಂದ, ಇಲ್ಲವಾದರೆ ಆಂಪ್ ಮುಂದೆ ಒಂದು ಮೈಕ್ ಇಟ್ಟು ಮಿಕ್ಸರ್‌ಗೆ ಕೊಡಿ. ದೊಡ್ಡ ದೊಡ್ಡ ಕಛೇರಿಗಳಲ್ಲೂ ಆಂಪ್ ಮುಂದೆ ಮೈಕ್ ಇಡುವುದೇ ರೂಢಿ.

ಬೇಸ್ ಗಿಟಾರ್ ಇರುವವರು ಗಮನಿಸಿ: ಅದರ ದಪ್ಪ ತಂತಿ ಸುಮಾರು 41 ಹರ್ಟ್ಜ್. ಸಾಧಾರಣ ಗಿಟಾರ್ ಆಂಪ್‌ನ ಸಣ್ಣ ಸ್ಪೀಕರನ್ನು ಅದು ಹರಿದುಹಾಕಬಹುದು. ಬೇಸ್‌ಗೆ ಬೇಸ್ ಆಂಪೇ ಬೇಕು.

ಹಳೆಯದು ಕೊಳ್ಳುವಾಗ ಹೀಗೆ ಪರೀಕ್ಷಿಸಿ

ಕಡಿಮೆ ದುಡ್ಡಿನವರಿಗೆ ಬಳಸಿದ ಆಂಪ್ ಒಳ್ಳೆಯ ದಾರಿ. ನಿಮ್ಮ ಗಿಟಾರ್, ನಿಮ್ಮ ಕೇಬಲ್ ಒಯ್ಯಿರಿ.

ಮೊದಲು ಪ್ಲಗ್ ನೋಡಿ. ಮೂರೂ ಪಿನ್ ಇರಬೇಕು. ಕತ್ತರಿಸಿದ್ದರೆ ಒಳಗೂ ಯಾರೋ ಕೈಯಾಡಿಸಿರಬಹುದು. ಗಿಟಾರ್ ಸಿಕ್ಕಿಸದೆ ಚಾಲೂ ಮಾಡಿ ಶಬ್ದ ಅರ್ಧ ಏರಿಸಿ. ಮೆಲ್ಲನೆಯ ಸುಂಯ್ ಸಹಜ. ದಪ್ಪ ಗುಂಯ್ ಸಹಜವಲ್ಲ. ಎಲ್ಲ ಗುಂಡಿ ತಿರುಗಿಸಿ ನೋಡಿ. ಗರಗರ ಬರೇ ಧೂಳಿನಿಂದಾದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ಹೋಗುತ್ತದೆ, ಚೌಕಾಸಿಗೆ ಅದೊಂದು ಕಾರಣವಾಗಲಿ. ಟಾರ್ಚ್ ಬಿಟ್ಟು ಸ್ಪೀಕರ್ ಕೋನ್ ಹರಿದಿದೆಯೇ ನೋಡಿ. ಹತ್ತು ಹದಿನೈದು ನಿಮಿಷ ಬಿಡದೆ ನುಡಿಸಿ. ಬಿಸಿಯಾದ ಮೇಲೆ ಶಬ್ದ ಕುಂದಿದರೆ, ಸುಟ್ಟ ವಾಸನೆ ಬಂದರೆ ಕೈಮುಗಿದು ಹಿಂದಿರುಗಿ.

ಹೊಸದು ಕೊಂಡರೆ ಬಿಲ್ ಕೇಳಿ, ಡಬ್ಬಿ ಬಿಚ್ಚುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಹೇಳಿದ್ದೊಂದು, ಬಂದದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕಿವಿ ಮತ್ತು ಕಾನೂನು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. 100 ಆದರೆ ಸುಮಾರು 20 ನಿಮಿಷ. ಹೋದ ಶ್ರವಣಶಕ್ತಿ ಮರಳುವುದಿಲ್ಲ. ನುಡಿಸಿದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಶಬ್ದ ಹೆಚ್ಚಾಗಿತ್ತೆಂದೇ ತಿಳಿಯಿರಿ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಆ ಹೊತ್ತಿನಲ್ಲಿ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ.

ಒಟ್ಟಾರೆ ಹೇಳುವುದಾದರೆ

ಪಿಎಂಪಿಒ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಡಾಪ್ಟರ್‌ನ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ ನೋಡಿ. ಮನೆಗೆ 10 ವಾಟ್ ಸಾಕು, ಸ್ಪೀಕರ್ ಅಗಲವಿರಲಿ. ಗಿಟಾರ್ ಸಂಕೇತವನ್ನು ಬ್ಲೂಟೂತ್‌ನಲ್ಲಿ ಕಳಿಸಬೇಡಿ. ವೇದಿಕೆಗೆ ಮೈಕ್ ಸೆಟ್ ಇದೆ. ಯಾರು ಹೇಳಿದರೂ, ಎಷ್ಟೇ ಗುಂಯ್ ಅಂದರೂ ಪ್ಲಗ್‌ನ ಮೇಲಿನ ಪಿನ್ ಮುರಿಯಬೇಡಿ.

ನಿಮ್ಮ ಭಜನಾ ಮಂಡಳಿ, ಚರ್ಚಿನ ಗಾಯನ ತಂಡ, ಕಾಲೇಜು ಗೆಳೆಯರ ಗುಂಪಿಗೆ ಇಡೀ ಲೇಖನ ಕಳಿಸಲು ಆಗದಿದ್ದರೆ, ಆ ಪಿನ್ನಿನ ಮಾತೊಂದನ್ನಾದರೂ ಕಳಿಸಿ.